ನಿಮ್ಮ ಲೇಖನ ಶುರುವಾಗುವುದು ಆರನೇ ಪುಟದಲ್ಲಿ

ನಮಸ್ಕಾರ.

ಆರ್ಥಿಕ ಆಘಾತದ ಹೊತ್ತಿನಲ್ಲಿ ಕೈಗಾರಿಕಾ ಪ್ರದೇಶಗಳು ಏನಾಗುತ್ತವೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ.

ಮೊದಲ ಐದು ಪುಟಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ, ಒಂದು ಯಂತ್ರವೂ ಇಲ್ಲ. 'ಸಬಲೀಕರಣ', 'ಪುನಶ್ಚೇತನ', 'ಸಮಗ್ರ ನೀತಿ' ಇಂಥ ಮಾತುಗಳೇ ಜಾಸ್ತಿ. ಆರನೇ ಪುಟಕ್ಕೆ ಬಂದಾಗ ಬರಹಕ್ಕೆ ಜೀವ ಬರುತ್ತದೆ. 1977ರ ಸೆಪ್ಟೆಂಬರ್ 19, ಸೋಮವಾರ. ಅಮೆರಿಕದ ಓಹಾಯೊ ರಾಜ್ಯದ ಯಂಗ್ಸ್‌ಟೌನ್. ಕ್ಯಾಂಪ್‌ಬೆಲ್ ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ, ಸುಮಾರು 5,000 ಜನರ ಕೆಲಸಕ್ಕೆ ಕುತ್ತು. ಅಲ್ಲಿಂದಲೇ ಶುರು ಮಾಡಿ.

ಅಲ್ಲಿ ನೀವು ಕೊಟ್ಟ ಕಾರಣ ಒಂದೇ, ವಿದೇಶಿ ಉಕ್ಕು. ಅದು ನಿಜ, ಆದರೆ ಅರ್ಧ. 1969ರಲ್ಲೇ ಆ ಕಾರ್ಖಾನೆ ನಡೆಸುತ್ತಿದ್ದ ಕಂಪನಿ ಲೈಕ್ಸ್ ಎಂಬ ಹೊರಗಿನ ಹಡಗು ಕಂಪನಿಯ ಕೈಸೇರಿತ್ತು. ಹಳೆಯ ಕುಲುಮೆಗಳನ್ನು ಬದಲಿಸಲು ಬೇಕಾದ ಹಣ ಹಾಕಲಿಲ್ಲ. ಹೊಡೆತ ಹೊರಗಿನಿಂದ ಬಂತು ಸರಿ, ತಡೆದುಕೊಳ್ಳುವ ಶಕ್ತಿ ಮೊದಲೇ ಯಾಕೆ ಕುಂದಿತ್ತು ಎಂದೂ ಕೇಳಬೇಕು, ಅಲ್ವಾ?

ನನಗೆ ಬೇಸರವಾದದ್ದು ಸ್ವಿಸ್ ವಾಚುಗಳ ಭಾಗ ಓದಿ. 'ಹೊಸ ತಂತ್ರಜ್ಞಾನ ಅಳವಡಿಸಿಕೊಂಡು ಉದ್ಯಮ ಚೇತರಿಸಿಕೊಂಡಿತು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಿಮ್ಮ ಲೇಖನದ ತಿರುಳು ಅಲ್ಲೇ ಇದೆ! ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಸ್ ಕೈಗಡಿಯಾರದ ಮೊದಲ ಮಾದರಿಗಳನ್ನು 1967ರಲ್ಲೇ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಊರಿನ ಪ್ರಯೋಗಾಲಯದಲ್ಲಿ ಮಾಡಿದ್ದರು. ಆದರೆ ಮಾರುಕಟ್ಟೆಗೆ ಮೊದಲು ತಂದದ್ದು ಜಪಾನಿನ ಸೀಕೊ, 1969ರ ಕೊನೆಯಲ್ಲಿ. ಮುಂದೆ ತೈಲ ಬಿಕ್ಕಟ್ಟು ಬಂತು. ಸ್ವಿಸ್ ಹಣವಾದ ಫ್ರಾಂಕ್‌ನ ಬೆಲೆ ಏರಿ, ಸ್ವಿಸ್ ವಾಚು ಹೊರದೇಶಗಳಲ್ಲಿ ದುಬಾರಿಯಾಯಿತು. 1970ರಲ್ಲಿ ಸುಮಾರು 90,000 ಜನ ಕೆಲಸ ಮಾಡುತ್ತಿದ್ದ ಉದ್ಯಮದಲ್ಲಿ 80ರ ದಶಕದ ಮಧ್ಯಕ್ಕೆ ಉಳಿದವರು ಹೆಚ್ಚುಕಡಿಮೆ ಮೂರನೇ ಒಂದು ಭಾಗ.

1983ರಲ್ಲಿ ಸ್ವಾಚ್ ಎಂಬ ಅಗ್ಗದ ಸ್ವಿಸ್ ಪ್ಲಾಸ್ಟಿಕ್ ವಾಚು ಬಂತು. ಅದನ್ನು ಹತ್ತಿರದಿಂದ ತೋರಿಸಿ. ಬಿಡಿಭಾಗಗಳು ಬರೀ 51. ಪ್ಲಾಸ್ಟಿಕ್ ಕವಚದ ತಳವೇ ಒಳಗಿನ ಯಂತ್ರಕ್ಕೆ ಅಡಿಪಾಯ. ಹಾಗಾಗಿ ಭಾಗಗಳನ್ನೆಲ್ಲ ಮೇಲಿನಿಂದಲೇ ಜೋಡಿಸಬಹುದು, ಅದನ್ನು ಯಂತ್ರವೇ ಮಾಡಬಹುದು. ಕೂದಲೆಳೆಯ ಅಳತೆಯಲ್ಲಿ ಕೆಲಸ ಮಾಡಿ ಪಳಗಿದವರು ಸ್ವಿಸ್ ವಾಚುಗಳ ತವರಾದ ಜೂರಾ ಬೆಟ್ಟಗಳ ಸೀಮೆಯಲ್ಲಿ ಇನ್ನೂ ಇದ್ದರು, ಅದಕ್ಕೇ ಇದು ಸಾಧ್ಯವಾಯಿತು. ಆದರೆ ಜೋಡಣೆ ಯಂತ್ರದ ಪಾಲಾದ ಮೇಲೆ ಕೆಲಸ ಕಳೆದುಕೊಂಡು ಮನೆಗೆ ಹೋದವರಲ್ಲಿ ಎಲ್ಲರೂ ವಾಪಸು ಬರಲಿಲ್ಲ. ಉದ್ಯಮ ಚೇತರಿಸಿತು, ಸರಿ. ಯಾರು ಚೇತರಿಸಿಕೊಂಡರು? ಇದನ್ನು ಬರೆಯದೆ 'ಚೇತರಿಕೆ' ಎಂಬ ಪದ ಬಳಸಬೇಡಿ.

ಕೊನೆಗೆ ಪರಿಹಾರ ಅಂತ ತೆರಿಗೆ ವಿನಾಯಿತಿ ಒಂದನ್ನೇ ಹೇಳಿದ್ದೀರಿ. ಊರು ಬಿಟ್ಟ ಕಸುಬುದಾರ ತೆರಿಗೆ ಇಳಿಯಿತು ಅಂತ ಸುಮ್ನೆ ವಾಪಸು ಬರುವುದಿಲ್ಲ. ಅವನನ್ನು ಮೊದಲೇ ಉಳಿಸಿಕೊಳ್ಳುವ ದಾರಿಯೂ ಇದೆ. 2009ರಲ್ಲಿ ಜರ್ಮನಿಯ ಒಟ್ಟು ದೇಶೀಯ ಉತ್ಪನ್ನ (ಜಿಡಿಪಿ) ಶೇ 5ಕ್ಕಿಂತ ಹೆಚ್ಚು ಕುಸಿಯಿತು. ಆಗ ಕಾರ್ಖಾನೆಗಳು ಜನರನ್ನು ತೆಗೆಯುವ ಬದಲು ಕೆಲಸದ ಗಂಟೆ ಇಳಿಸಿದವು. ಕಳೆದುಹೋದ ಸಂಬಳದ ಶೇ 60ರಷ್ಟನ್ನು, ಮಕ್ಕಳಿದ್ದವರಿಗೆ ಶೇ 67ರಷ್ಟನ್ನು ಸರ್ಕಾರದ ಉದ್ಯೋಗ ನಿಧಿ ತುಂಬಿಕೊಟ್ಟಿತು. ಒಂದು ಹಂತದಲ್ಲಿ ಸುಮಾರು 15 ಲಕ್ಷ ಜನ ಹೀಗೆ ಕೆಲಸದಲ್ಲಿ ಉಳಿದರು. ಆರ್ಡರ್ ಮತ್ತೆ ಬಂದಾಗ ಲೇತ್ ಮುಂದೆ ನಿಲ್ಲಲು ಅದೇ ಪಳಗಿದ ಕೈಗಳಿದ್ದವು.

ಹಾಗಾಗಿ ಪ್ರತಿ ಊರಿಗೂ ಒಂದೇ ಪ್ರಶ್ನೆ ಕೇಳಿ: ಹೊಡೆತ ಬಿದ್ದ ಮೇಲೆ ಅಲ್ಲಿ ಏನು ಉಳಿದಿತ್ತು? ಕಸುಬು ಗೊತ್ತಿದ್ದವರೇ, ಬಿಡಿಭಾಗ ಕೊಡುವ ಸಣ್ಣ ಘಟಕಗಳೇ, ಹಣ ಹಾಕುವವರೇ?

'ಕ್ರಮ ಕೈಗೊಳ್ಳಲಾಯಿತು' ಎಂದು ಬರೆದ ಕಡೆಯಲ್ಲೆಲ್ಲ ಯಾರು ಕೈಗೊಂಡರು ಅಂತ ಬರೆಯಿರಿ. ಯಂಗ್ಸ್‌ಟೌನ್‌ನಲ್ಲಿ ಪಾದ್ರಿಗಳೂ ಕಾರ್ಮಿಕರೂ ಸೇರಿ ಕಾರ್ಖಾನೆಯನ್ನು ತಾವೇ ಕೊಳ್ಳಲು ಹೊರಟಿದ್ದರು. 1979ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಅವರ ಸಾಲಕ್ಕೆ ಖಾತರಿ ಕೊಡಲು ಒಪ್ಪಲಿಲ್ಲ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ. ಇದನ್ನು ಸೇರಿಸಿ, ಮೊದಲ ಐದು ಪುಟ ತೆಗೆದು, ಮತ್ತೆ ಕಳಿಸಿ. ಬಂದ ದಿನವೇ ಓದುತ್ತೇನೆ.