ಮಂಕ್‌ಗೆ 15 ಎಲ್ಲಿಡಬೇಕು?

ಪ್ರಶ್ನೆ: ಭಾನುವಾರ ಬಸವನಗುಡಿಯ ಗೆಳೆಯನ ಮನೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸಿ ಪಾತ್ರವಾಗಿ ಆಡುವ ಆಟ) ಆಡುತ್ತೇವೆ, 2014ರ ಐದನೇ ಆವೃತ್ತಿ. ನಾನು ಮೊದಲ ಸಲ ಮಂಕ್ (ಬರಿಗೈ ಕಾದಾಟದ ಪಾತ್ರ) ಮಾಡುತ್ತಿದ್ದೇನೆ, ಕುಲ ವುಡ್ ಎಲ್ಫ್. ಪಾತ್ರದ ಆರು ಗುಣಗಳಿಗೆ ಹಂಚಲು ಡಿಎಂ (ಆಟ ನಡೆಸುವವರು) ಕೊಟ್ಟ ಅಂಕಗಳು 15, 14, 13, 12, 10, 8. ನಮ್ಮಜ್ಜ ಪೇಟೆಯ ಗರಡಿಯಲ್ಲಿ ಸಾಮು ಮಾಡಿದವರು. ಅವರ ನೆನಪಿಗೆ ಸ್ಟ್ರೆಂತ್‌ಗೆ (ಬಲ) 15, ಡೆಕ್ಸ್ಟೆರಿಟಿಗೆ (ಚುರುಕು) 14, ಕಾನ್‌ಸ್ಟಿಟ್ಯೂಷನ್‌ಗೆ (ಮೈಗಟ್ಟು) 13, ವಿಸ್ಡಮ್‌ಗೆ (ವಿವೇಕ) 12 ಇಟ್ಟಿದ್ದೇನೆ. ಸರಿಯೇ?
— ಓದುಗರು, ಬೆಂಗಳೂರು

ಉತ್ತರ: ಅಜ್ಜನನ್ನು ಆಟಕ್ಕೆ ಕರೆತರುವ ಆಸೆ ನನಗೆ ತುಂಬಾ ಹಿಡಿಸಿತು. ಅದನ್ನು ಬಿಡಬೇಡಿ, 15ರ ಜಾಗ ಮಾತ್ರ ಬದಲಿಸಿ.

ಮಂಕ್ ಬರಿಗೈಯಲ್ಲಿ ಗುದ್ದುವಾಗ ಸ್ಟ್ರೆಂತ್ ಬದಲು ಡೆಕ್ಸ್ಟೆರಿಟಿ ಬಳಸಬಹುದು. ಕವಚವಿಲ್ಲದಾಗ ಆರ್ಮರ್ ಕ್ಲಾಸ್ (ನಿಮಗೆ ಏಟು ತಾಗಿಸಲು ಎದುರಾಳಿ ಮುಟ್ಟಬೇಕಾದ ಸಂಖ್ಯೆ) ಎಂದರೆ 10ಕ್ಕೆ ಡೆಕ್ಸ್ಟೆರಿಟಿ, ವಿಸ್ಡಮ್ ಎರಡರ ಮಾಡಿಫೈಯರ್ (ಗುಣದ ಅಂಕದಿಂದ ಸಿಗುವ ಹೆಚ್ಚುವರಿ) ಕೂಡಿಸಿದ್ದು. ಬೇರೆಯವರಿಗೆ ವಿಸ್ಡಮ್ ಬುದ್ಧಿಯಾದರೆ, ಮಂಕ್‌ಗೆ ಅದು ಮೈಮೇಲಿನ ಗುರಾಣಿ.

ವುಡ್ ಎಲ್ಫ್‌ಗೆ ಡೆಕ್ಸ್ಟೆರಿಟಿಯಲ್ಲಿ 2, ವಿಸ್ಡಮ್‌ನಲ್ಲಿ 1 ಹೆಚ್ಚು ಸಿಗುತ್ತದೆ. 15 ಡೆಕ್ಸ್ಟೆರಿಟಿಗೇ ಹೋಗಲಿ ಎಂದು ಕೈ ತುಡಿಯುತ್ತದೆ, ಆದರೆ ಆಗ ಸಿಗುವುದು 17 ಮತ್ತು 15. ಬೆಸ ಸಂಖ್ಯೆಯ ಕೊನೆಯ ಒಂದು ಅಂಕ ಮಾಡಿಫೈಯರ್‌ಗೆ ದಕ್ಕುವುದೇ ಇಲ್ಲ. 14 ಡೆಕ್ಸ್ಟೆರಿಟಿಗೆ, 15 ವಿಸ್ಡಮ್‌ಗೆ ಇಡಿ: ಎರಡೂ 16, ಎರಡಕ್ಕೂ +3. ಆರ್ಮರ್ ಕ್ಲಾಸ್ 16. ನಿಮ್ಮ ಲೆಕ್ಕದಲ್ಲಿ ಅದು 14.

ಎರಡು ಅಂಕದಿಂದೇನು ಎನ್ನಬೇಡಿ. ಮೊದಲ ಲೆವೆಲ್‌ನಲ್ಲಿ ನಿಮ್ಮ ಹಿಟ್ ಪಾಯಿಂಟ್, ಅಂದರೆ ಏಟು ತಾಳುವ ಶಕ್ತಿ, ಬರೀ 9. ಸಾಮಾನ್ಯ ಆರ್ಕ್ ಎಂಬ ರಾಕ್ಷಸನ ಕೊಡಲಿಯೇಟು ಸರಾಸರಿ 9, ಒಂದೇ ಏಟಿಗೆ ನೀವು ನೆಲಕ್ಕೆ. ದಾಳಿ ಮಾಡುವಾಗ ಅದು ಇಪ್ಪತ್ತು ಮುಖದ ದಾಳಕ್ಕೆ 5 ಕೂಡಿಸುತ್ತದೆ. ಹಾಗಾಗಿ 14ರ ಎದುರು 20ರಲ್ಲಿ 12 ಸಲ ತಾಗುತ್ತದೆ, 16ರ ಎದುರು 10 ಸಲ. ಐದನೇ ಲೆವೆಲ್‌ನಲ್ಲಿ ಸ್ಟನ್ನಿಂಗ್ ಸ್ಟ್ರೈಕ್ (ಎದುರಾಳಿಯನ್ನು ಸ್ತಬ್ಧಗೊಳಿಸುವ ಏಟು) ಬಂದಾಗ ವಿಸ್ಡಮ್ ಇನ್ನೊಮ್ಮೆ ಕೆಲಸಕ್ಕೆ ಬರುತ್ತದೆ. ಅದರಿಂದ ಪಾರಾಗಲು ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಸಂಖ್ಯೆ 8ಕ್ಕೆ ಪ್ರೊಫಿಷಿಯನ್ಸಿ (ಪರಿಣತಿಯ ಅಂಕ) 3 ಮತ್ತು ವಿಸ್ಡಮ್ ಮಾಡಿಫೈಯರ್ ಸೇರಿದ್ದು. ನಿಮ್ಮ ಲೆಕ್ಕಕ್ಕೆ 12, ಹೀಗೆ ಮಾಡಿದರೆ 14.

ಇನ್ನು ಅಜ್ಜನ ವಿಷಯ. ಕಾನ್‌ಸ್ಟಿಟ್ಯೂಷನ್‌ಗೆ 13 ಇರಲಿ, ಸ್ಟ್ರೆಂತ್‌ಗೆ 12 ಕೊಡಿ. 15ಕ್ಕೆ +2, 12ಕ್ಕೆ +1, ನೀವು ಬಿಟ್ಟುಕೊಡುವುದು ಇಷ್ಟೇ. ಮಂಕ್ ಆರಿಸಬಹುದಾದ ಕೌಶಲಗಳಲ್ಲಿ ಅಥ್ಲೆಟಿಕ್ಸ್ ಇದೆ, ತಪ್ಪದೆ ತೆಗೆದುಕೊಳ್ಳಿ. ಈ ಆವೃತ್ತಿಯಲ್ಲಿ ಎದುರಾಳಿಯನ್ನು ಹಿಡಿದು ನಿಲ್ಲಿಸುವುದು, ದೂಡಿ ಬೀಳಿಸುವುದು ಎರಡೂ ಅದರ ಮೇಲೆಯೇ. ಮೊದಲ ಲೆವೆಲ್‌ನಲ್ಲೇ ಸ್ಟ್ರೆಂತ್‌ನ 1, ಪ್ರೊಫಿಷಿಯನ್ಸಿಯ 2 ಸೇರಿ ಒಟ್ಟು +3 ಸಿಗುತ್ತದೆ. ಪಟ್ಟು ಹಾಕುವವನಿಗೆ ಅಷ್ಟು ಸಾಕು. ಪೂರ್ತಿ ಕುಸ್ತಿಯೇ ಬೇಕಿದ್ದರೆ ಬಾರ್ಬೇರಿಯನ್ ಪಾತ್ರ ನೋಡಿ, ರೇಜ್‌ನಲ್ಲಿದ್ದಾಗ (ರೋಷಾವೇಶದಲ್ಲಿ) ಅವನ ಹಿಡಿತ ಬಿಡಿಸಿಕೊಳ್ಳುವುದು ಕಷ್ಟ.

ಉಳಿದ 10, 8 ಇಂಟೆಲಿಜೆನ್ಸ್, ಕರಿಸ್ಮಾಗೆ, ಯಾವುದು ಯಾವುದಕ್ಕಾದರೂ ಸರಿ. ನಾಲ್ಕನೇ ಲೆವೆಲ್‌ನಲ್ಲಿ ಸಿಗುವ ಎರಡು ಅಂಕಗಳನ್ನು ಡೆಕ್ಸ್ಟೆರಿಟಿಗೆ ಹಾಕಿ 18 ಮಾಡಿಕೊಳ್ಳಿ, ಗುರಿ, ಏಟು, ರಕ್ಷಣೆ ಮೂರೂ ಒಟ್ಟಿಗೆ ಏರುತ್ತವೆ.