ಓದುಗರ ಪ್ರಶ್ನೆ: ಹೂಮಳೆಯ ಲೆಕ್ಕ, ಚಂಡಮಾರುತದ ಸುದ್ದಿ

ಫೆಬ್ರವರಿಯಿಂದ ಮೇ ತನಕ ಕೊಡಗಿನಿಂದ ಬರುವ ಪತ್ರಗಳಲ್ಲಿ ಹೆಚ್ಚಿನವು ಮಳೆಯವೇ, ಅದರಲ್ಲೂ ಕಾಫಿ ಹೂ ಅರಳಿಸುವ ಹೂಮಳೆಯವು. ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಬೆಳೆಗಾರರು ಇಂಚು-ಸೆಂಟಿನಲ್ಲಿ ಅಳೆಯುತ್ತಾರೆ, ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ. ಇಲ್ಲಿ ಎರಡೂ ಬರುತ್ತವೆ: 100 ಸೆಂಟ್ ಒಂದು ಇಂಚು, ಒಂದು ಇಂಚು 25.4 ಮಿ.ಮೀ.

ಪ್ರಶ್ನೆ: ನಮ್ಮದು ಸಿದ್ದಾಪುರದ ಹತ್ತಿರ ರೋಬಸ್ಟಾ ಕಾಫಿ ತೋಟ. ಮೊನ್ನೆ ಸಂಜೆ 40 ಸೆಂಟ್ ಮಳೆ ಬಿತ್ತು. ಇನ್ನೊಂದು ಮಳೆಗೆ ಕಾಯುವುದೋ, ಸ್ಪ್ರಿಂಕ್ಲರ್ ಹಾಕಿಬಿಡುವುದೋ?

ಕೆರೆಯಲ್ಲಿ ನೀರಿದ್ದರೆ ಕಾಯಬೇಡಿ. 40 ಸೆಂಟ್ ಎಂದರೆ ಬರೀ 10 ಮಿ.ಮೀ. ರೋಬಸ್ಟಾ ಹೂ ಸರಿಯಾಗಿ ಅರಳಲು ಒಂದರಿಂದ ಒಂದೂವರೆ ಇಂಚು ಬೇಕು, ಅದೂ ಎರಡು ಮೂರು ದಿನದೊಳಗೆ. ಒಣಗಿ ಮಲಗಿದ್ದ ಮೊಗ್ಗನ್ನು ಎಬ್ಬಿಸಲು 40 ಸೆಂಟ್ ಸಾಕಾದೀತು, ಅರಳಿಸಲು ಸಾಲದು. ಎದ್ದ ಮೊಗ್ಗಿಗೆ ನಡುವೆ ನೀರು ತಪ್ಪಿ ಬಿಸಿಲೂ ಜೋರಾದರೆ ಎಸಳು ಬಲಿಯದ ಕುರುಚಲು ಹೂ ಬರುತ್ತದೆ, ಇಲ್ಲವೇ ಮೊಗ್ಗು ಹಾಗೇ ಕಪ್ಪಾಗಿ ಉದುರುತ್ತದೆ. ಮಳೆಯೇ ಬಾರದ ತೋಟಕ್ಕಿಂತ ಅರೆಬರೆ ಮಳೆ ಬಿದ್ದ ತೋಟಕ್ಕೆ ನಷ್ಟ ಹೆಚ್ಚು ಎನ್ನುವುದು ಇದಕ್ಕೇ. ಮಳೆ ಬಿದ್ದ ಎರಡು ಮೂರು ದಿನದೊಳಗೆ ಕೊರತೆ ತುಂಬಿಸಿ.

ಲೆಕ್ಕ ಹೀಗೆ. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1.03 ಲಕ್ಷ ಲೀಟರ್. ನಿಮಗೆ ಇನ್ನೂ 85 ಸೆಂಟ್ ಬೇಕು ಎಂದುಕೊಂಡರೆ ಎಕರೆಗೆ 87,000 ಲೀಟರ್ ಆಯಿತು. ಐದು ಎಕರೆಗೆ ಸಾಲುವಷ್ಟು ನೀರಿಲ್ಲದಿದ್ದರೆ ಐದಕ್ಕೂ ಹಂಚಬೇಡಿ, ಮೂರು ಎಕರೆಗೆ ಪೂರ್ತಿ ಕೊಡಿ. ಎಷ್ಟು ಹೊತ್ತು ಓಡಿಸಬೇಕು ಎನ್ನುವುದನ್ನು ಪಕ್ಕದ ತೋಟದವರನ್ನು ಕೇಳಿ ತಿಳಿಯುವ ಹಾಗಿಲ್ಲ, ಅವರ ನಾಜಲ್ ಬೇರೆ, ಒತ್ತಡ ಬೇರೆ. ಒಂದು ನಾಜಲ್ ನಿಮಿಷಕ್ಕೆ 30 ಲೀಟರ್ ಹಾಯಿಸಿ, ನಾಜಲ್‌ಗಳ ನಡುವೆ ಎರಡೂ ಕಡೆ 12 ಮೀಟರ್ ಅಂತರವಿದ್ದರೆ ಗಂಟೆಗೆ 12.5 ಮಿ.ಮೀ. ಬೀಳುತ್ತದೆ, ಅಂದರೆ 85 ಸೆಂಟಿಗೆ ಹತ್ತಿರ ಹತ್ತಿರ ಒಂದೂಮುಕ್ಕಾಲು ಗಂಟೆ. ಇದು ಕಾಗದದ ಲೆಕ್ಕ. ನಿಜ ಗೊತ್ತಾಗಬೇಕಾದರೆ ನೆಟ್ಟಗಿನ ಅಂಚಿನ ಐದಾರು ಡಬ್ಬಗಳನ್ನು ಎರಡು ನಾಜಲ್‌ಗಳ ನಡುವೆ ಸಾಲಾಗಿ ಇಟ್ಟು, ಒಂದು ಗಂಟೆಯ ನಂತರ ಸ್ಕೇಲ್ ಇಳಿಸಿ ನೋಡಿ. ಡಬ್ಬದಿಂದ ಡಬ್ಬಕ್ಕೆ ದುಪ್ಪಟ್ಟು ವ್ಯತ್ಯಾಸ ಕಂಡರೆ ಒತ್ತಡ ಕಡಿಮೆ ಇದೆ ಅಥವಾ ಗಾಳಿ ನೀರನ್ನು ಒಂದೇ ಕಡೆಗೆ ತಳ್ಳುತ್ತಿದೆ. ಗಾಳಿ ನಿಂತ ಮೇಲೆ ರಾತ್ರಿ ಓಡಿಸುವುದು ಒಳ್ಳೆಯದು.

ಹೂ ಬಿಡುವುದು ಸುಮಾರು ಒಂದು ವಾರದ ಮೇಲೆ. ಅರಳಿದ ದಿನ ಸ್ಪ್ರಿಂಕ್ಲರ್ ಮುಟ್ಟಬೇಡಿ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಅದನ್ನು ತರುವುದು ಗಾಳಿ ಮತ್ತು ಜೇನು. ಒದ್ದೆ ಪರಾಗ ಹಾರುವುದಿಲ್ಲ, ಮಳೆಯಲ್ಲಿ ಜೇನೂ ಬರುವುದಿಲ್ಲ. ಇನ್ನು ಬ್ಯಾಕಿಂಗ್ ಮಳೆ, ಅಂದರೆ ಕಟ್ಟಿದ ಕಾಯಿ ನಿಲ್ಲಲು ಬೇಕಾದ ಎರಡನೇ ಮಳೆ: ಹೂ ಮುಗಿದು 15ರಿಂದ 20 ದಿನದೊಳಗೆ ಬರಬೇಕು. ಬರದಿದ್ದರೆ ಅದನ್ನೂ ಸ್ಪ್ರಿಂಕ್ಲರಿನಲ್ಲೇ ಕೊಡಬೇಕಾಗುತ್ತದೆ. ಕೆರೆ ನೀರಿನ ಲೆಕ್ಕ ಹಾಕುವಾಗ ಅಷ್ಟನ್ನು ಮೊದಲೇ ಎತ್ತಿಡಿ.

ಪ್ರಶ್ನೆ: ಅಮ್ಮತ್ತಿಯಲ್ಲಿ ಒಂದೂಕಾಲು ಇಂಚು ಸುರಿದ ದಿನ ನಾಲ್ಕು ಕಿಲೋಮೀಟರ್ ಆಚೆಯ ನಮ್ಮ ತೋಟಕ್ಕೆ ಗುಡುಗು ಮಾತ್ರ ಕೇಳಿಸಿತು. ಹೀಗೇಕೆ? ಮಳೆ ಬರುವುದನ್ನು ಬೆಳಿಗ್ಗೆಯೇ ತಿಳಿಯಬಹುದೇ?

ಜೂನ್‌ನ ಮಳೆ ಬೇರೆ, ಮಾರ್ಚ್-ಏಪ್ರಿಲ್‌ನ ಮಳೆ ಬೇರೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರದಿಂದ ಬರುವ ಗಾಳಿಯನ್ನು ಬೆಟ್ಟ ಮೇಲಕ್ಕೆತ್ತಿ, ಜಿಲ್ಲೆಯ ಅರ್ಧ ಭಾಗಕ್ಕೆ ಒಟ್ಟಿಗೆ ಸುರಿಸುತ್ತದೆ. ಬೇಸಿಗೆಯಲ್ಲಿ ಹಾಗಲ್ಲ. ನೆಲ ಕಾದು, ಬಿಸಿಗಾಳಿ ಕಂಬದಂತೆ ಮೇಲೇರಿ, ಒಂದೊಂದೇ ಮೋಡ ತನ್ನಷ್ಟಕ್ಕೆ ಬೆಳೆಯುತ್ತದೆ. ಅಂಥ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರ್, ಆಯಸ್ಸು ಅರ್ಧದಿಂದ ಒಂದು ಗಂಟೆ. ಅದರ ಬುಡದಲ್ಲಿದ್ದವರಿಗೆ ಹೂಮಳೆ, ಬದಿಯಲ್ಲಿದ್ದವರಿಗೆ ತಣ್ಣನೆ ಗಾಳಿ. ಸುರಿದು ಸೋತ ಮೋಡದಿಂದ ಕೆಳಗಿಳಿದು ಹರಡುವ ಆ ತಣ್ಣನೆ ಗಾಳಿ ಕೆಲವೊಮ್ಮೆ ಪಕ್ಕದ ಬಿಸಿಗಾಳಿಯನ್ನು ಎತ್ತಿ ಹೊಸ ಮೋಡ ಕಟ್ಟುತ್ತದೆ. ಆದ್ದರಿಂದ ನಾಲ್ಕು ಗಂಟೆಗೆ ತಪ್ಪಿದ ಮಳೆ ಆರಕ್ಕೆ ಬರುವುದೂ ಉಂಟು.

ಬೆಳಿಗ್ಗೆಯೇ ನಿಮ್ಮ ತೋಟಕ್ಕೆ ಬರುತ್ತದೋ ಇಲ್ಲವೋ ಎಂದು ಯಾರೂ ಹೇಳಲಾರರು. ಜಿಲ್ಲೆಯ ಮೇಲೆ ಆ ದಿನ ಮೋಡ ಕಟ್ಟುವ ಸಾಧ್ಯತೆ ಎಷ್ಟು ಎನ್ನುವುದನ್ನು ಮಾತ್ರ ಅಂದಾಜಿಸಬಹುದು. ಮೊದಲು ಹವಾಮಾನ ಇಲಾಖೆಯ ಬುಲೆಟಿನ್‌ನಲ್ಲಿ ಮರಾಠವಾಡಾ ಅಥವಾ ವಿದರ್ಭದಿಂದ ಒಳನಾಡು ಕರ್ನಾಟಕದ ಮೂಲಕ ತಮಿಳುನಾಡಿನ ಕಡೆಗೆ ಒತ್ತಡದ ತಗ್ಗು ರೇಖೆಯೊಂದು ಹಾದಿದೆಯೇ ನೋಡಿ. ಎರಡು ಸಮುದ್ರಗಳ ತೇವ ಸೇರುವುದು ಆ ರೇಖೆಯ ಅಕ್ಕಪಕ್ಕದಲ್ಲಿ. ಆಮೇಲೆ ಡ್ಯೂ ಪಾಯಿಂಟ್ (ಗಾಳಿಯ ತೇವ ಇಬ್ಬನಿಯಾಗತೊಡಗುವ ಉಷ್ಣಾಂಶ) ನೋಡಿ, ಬಹುತೇಕ ಎಲ್ಲ ಹವಾಮಾನ ಆ್ಯಪ್‌ಗಳಲ್ಲೂ ಸಿಗುತ್ತದೆ. ಅದು ಎರಡು ಮೂರು ದಿನದಿಂದ ಏರುತ್ತಿದ್ದರೆ ಗಾಳಿಯಲ್ಲಿ ತೇವ ಕೂಡುತ್ತಿದೆ ಎಂದರ್ಥ. ಬಿಸಿಲೊಂದನ್ನೇ ನಂಬಬೇಡಿ, 35 ಡಿಗ್ರಿ ಇದ್ದು ಡ್ಯೂ ಪಾಯಿಂಟ್ ಇಳಿಯುತ್ತಿದ್ದರೆ ಅದು ಒಣ ಸೆಕೆ. ಇನ್ನು ಮೋಡವನ್ನೇ ನೋಡಿ: ಹನ್ನೊಂದು ಗಂಟೆಯೊಳಗೆ ಬೆಟ್ಟಗಳ ಮೇಲೆ ಹೂಕೋಸಿನಂಥ ಮೋಡ ಎದ್ದು, ಒಂದು ಗಂಟೆಗೂ ಅದರ ತಲೆ ಬೆಳೆಯುತ್ತಲೇ ಇದ್ದರೆ ಒಳ್ಳೆಯ ಲಕ್ಷಣ. ಅದೇ ಮೋಡ ಮಧ್ಯಾಹ್ನ ಚಪ್ಪಟೆಯಾಗಿ ಹರಡಿಕೊಂಡರೆ ಮೇಲಿನ ಒಣಗಾಳಿ ಅದನ್ನು ತಡೆದಿದೆ, ಆ ದಿನ ಮುಗಿಯಿತು. ಮೇಲಿನ ಗಾಳಿ ಮೂಡಲಿಂದ ಬೀಸುವ ದಿನಗಳಲ್ಲಿ ಪಿರಿಯಾಪಟ್ಟಣ, ಹುಣಸೂರಿನ ಕಡೆ ಎದ್ದ ಮೋಡ ಸಂಜೆಗೆ ಇತ್ತ ಬರುವ ಸಾಧ್ಯತೆ ಇರುತ್ತದೆ. ಮೂರು ಗಂಟೆಯ ನಂತರ ಉಪಗ್ರಹ ಚಿತ್ರದಲ್ಲಿ ಪೂರ್ವದ ಕಡೆ ಕಣ್ಣಿಡಿ.

ಪ್ರಶ್ನೆ: ಸೋಮವಾರಪೇಟೆಯ ನಮ್ಮ ಮಳೆಮಾಪಕ ಯಾವಾಗಲೂ ಪಂಚಾಯಿತಿಯ ಮಾಪಕಕ್ಕಿಂತ ಹೆಚ್ಚು ತೋರಿಸುತ್ತದೆ. ಯಾವುದು ಸರಿ?

"ಯಾವಾಗಲೂ" ಎಂಬ ನಿಮ್ಮ ಮಾತಿನಲ್ಲೇ ಸುಳಿವಿದೆ. ಮೋಡದ ವ್ಯತ್ಯಾಸವಾದರೆ ಒಮ್ಮೆ ಅವರದು ಹೆಚ್ಚು, ಒಮ್ಮೆ ನಿಮ್ಮದು ಹೆಚ್ಚು ಇರಬೇಕಿತ್ತು. ಹತ್ತು ಮಳೆಯ ಅಂಕಿ ಬರೆದು, ನಿಮ್ಮದನ್ನು ಅವರದರಿಂದ ಭಾಗಿಸಿ ನೋಡಿ. ಪ್ರತಿಸಲವೂ ಒಂದೂವರೆ ಪಟ್ಟಿನ ಆಸುಪಾಸು ಬಂದರೆ ಅಳತೆಯ ಗಾಜು ಮಾಪಕಕ್ಕೆ ಹೊಂದುತ್ತಿಲ್ಲ. ಹಳೆಯ ಸೈಮನ್ಸ್ ಮಾಪಕದ ಬಾಯಿ 5 ಇಂಚು, ಅಂದರೆ 127 ಮಿ.ಮೀ. ಈಗಿನ ಫೈಬರ್ ಮಾಪಕದ ಬಾಯಿ 200 ಚದರ ಸೆಂಟಿಮೀಟರ್, ಅಡ್ಡಗಲ ಹತ್ತಿರ ಹತ್ತಿರ 16 ಸೆಂ.ಮೀ. ಹಳೆಯದು ಒಡೆದಾಗ ಹೊಸ ಮಾಪಕ ತಂದು ಹಳೆಯ ಗಾಜನ್ನೇ ಇಟ್ಟುಕೊಂಡರೆ ಮಳೆ 1.58 ಪಟ್ಟು ಹೆಚ್ಚು ಕಾಣುತ್ತದೆ. ಪರೀಕ್ಷೆ ಸುಲಭ: ಔಷಧಿ ಅಂಗಡಿಯ ಸಿರಿಂಜಿನಲ್ಲಿ 200 ಮಿ.ಲೀ. ಅಳೆದು ಗಾಜಿಗೆ ಸುರಿಯಿರಿ. 200 ಚದರ ಸೆಂ.ಮೀ. ಮಾಪಕದ ಗಾಜಾದರೆ ಅದು 10 ಮಿ.ಮೀ. ತೋರಿಸಬೇಕು. 5 ಇಂಚಿನದಕ್ಕೆ 127 ಮಿ.ಲೀ. ಸುರಿದರೆ 10 ಮಿ.ಮೀ. ಬರಬೇಕು.

ಗಾಜು ಸರಿಯಿದ್ದರೆ ಜಾಗ ನೋಡಿ. ಮಾಪಕದ ಅಂಚು ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಬೇಕು. ಪಕ್ಕದ ಮರ ಅಥವಾ ಕಟ್ಟಡ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಬೇಕು. ಕಾಫಿ ತೋಟದೊಳಗೆ ಅಂಥ ಜಾಗ ಸಿಗುವುದು ಕಷ್ಟ, ಕಣದ ನಡುವೆಯೇ ಇಡಬೇಕು. ಮರದಡಿ ಇಟ್ಟರೆ ಸಣ್ಣ ಮಳೆ ಎಲೆಯಲ್ಲೇ ನಿಂತು ಕಡಿಮೆ ಕಾಣುತ್ತದೆ, ದೊಡ್ಡ ಮಳೆಯಲ್ಲಿ ಕೊಂಬೆಯ ನೀರೆಲ್ಲ ಒಂದೇ ಕಡೆ ಇಳಿದು ಹೆಚ್ಚು ಕಾಣುತ್ತದೆ.

ಪಂಚಾಯಿತಿಯದು ಪೂರ್ತಿ ಸರಿ ಎಂದೂ ಅಲ್ಲ. ಮಗುಚುವ ಬಟ್ಟಲಿನ ಸ್ವಯಂಚಾಲಿತ ಮಾಪಕ ಬಿರುಸು ಮಳೆಯಲ್ಲಿ ಕಡಿಮೆ ಎಣಿಸುತ್ತದೆ, ಏಕೆಂದರೆ ಬಟ್ಟಲು ಮಗುಚುವ ಹೊತ್ತಿನಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಎಲೆ, ಇರುವೆ ಗೂಡು ಕೊಳವೆ ಕಟ್ಟಿದರಂತೂ ಮಳೆ ನಿಂತ ಎಷ್ಟೋ ಹೊತ್ತಿನ ತನಕ ತೊಟ್ಟಿಕ್ಕುತ್ತಲೇ ಇರುತ್ತದೆ. ಇನ್ನೊಂದು ಮಾತು, ತಾರೀಖಿನದು. ಸರ್ಕಾರಿ ಲೆಕ್ಕದಲ್ಲಿ ದಿನ ಮುಗಿಯುವುದು ಬೆಳಿಗ್ಗೆ 8:30ಕ್ಕೆ. ನಿನ್ನೆ ಸಂಜೆಯ ಮಳೆ ಇಂದಿನ ತಾರೀಖಿಗೆ ಬರುತ್ತದೆ. ನೀವು ಸಂಜೆಯೇ ಬರೆದಿಟ್ಟರೆ ಎರಡು ಪಟ್ಟಿ ಎಂದಿಗೂ ಹೊಂದುವುದಿಲ್ಲ.

ಪ್ರಶ್ನೆ: ಇನ್ನು 12 ದಿನದಲ್ಲಿ ಅರಬ್ಬಿ ಸಮುದ್ರದಲ್ಲಿ ಭಾರಿ ಚಂಡಮಾರುತ ಎಂದು ವಾಟ್ಸ್‌ಆ್ಯಪ್‌ನಲ್ಲಿ ನಕ್ಷೆ ಬಂದಿದೆ. ನಂಬಬಹುದೇ? (ನಾಪೋಕ್ಲು)

ಬೇಡ. ಅಂಥ ನಕ್ಷೆಗಳು ಹೆಚ್ಚಾಗಿ ಅಮೆರಿಕದ ಜಿಎಫ್‌ಎಸ್ ಎಂಬ ಕಂಪ್ಯೂಟರ್ ಹವಾಮಾನ ಮಾದರಿಯವು. ಅದು 16 ದಿನ ಮುಂದಿನ ತನಕ ಲೆಕ್ಕ ಹಾಕುತ್ತದೆ, ದಿನಕ್ಕೆ ನಾಲ್ಕು ಸಲ. ಬೆಳಗಿನ ನಕ್ಷೆಯಲ್ಲಿ ಮುಂಬೈಗೆ ಅಪ್ಪಳಿಸಿದ ಚಂಡಮಾರುತ ಸಂಜೆಯ ನಕ್ಷೆಯಲ್ಲಿ ಒಮಾನ್‌ಗೆ ಹೋಗಿರುತ್ತದೆ, ಮರುದಿನ ಇರುವುದೇ ಇಲ್ಲ. ವಾರಕ್ಕಿಂತ ಆಚೆಯದನ್ನು ನೋಡಲೇಬೇಕೆಂದರೆ ಯುರೋಪಿನ ಮಾದರಿಯಲ್ಲೂ ಅದೇ ಕಾಣುತ್ತದೆಯೇ, ಸತತ ನಾಲ್ಕೈದು ಲೆಕ್ಕಗಳಲ್ಲಿ ಒಂದೇ ಜಾಗದಲ್ಲಿ ನಿಂತಿದೆಯೇ ನೋಡಿ. ಹವಾಮಾನ ಇಲಾಖೆ ಪ್ರತಿದಿನ ಎರಡೂ ಸಮುದ್ರಗಳಿಗೆ ಮುಂದಿನ ಏಳು ದಿನದ ಸಾಧ್ಯತೆ ಕೊಡುತ್ತದೆ. ಅದರಲ್ಲಿ ಸಾಧ್ಯತೆ "ಇಲ್ಲ" ಎಂದಿದ್ದರೆ ನಕ್ಷೆಯನ್ನು ಮುಂದಕ್ಕೆ ಕಳಿಸದೆ ಅಳಿಸಿಬಿಡಿ. ಹೆಸರಿನ ವಿಷಯವೂ ಅಷ್ಟೆ: ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲೆಯೇ ಚಂಡಮಾರುತಕ್ಕೆ ಹೆಸರಿಡುವುದು. ಅದಕ್ಕೂ ಮೊದಲೇ ಹೆಸರು ಹೊತ್ತು ಬಂದ ಸುದ್ದಿ ಯಾರದೋ ಊಹೆ.

ಪ್ರಶ್ನೆ: ಚಂಡಮಾರುತ ನಿಜವಾಗಿ ಎದ್ದರೆ ಕೊಡಗಿಗೆ ಮಳೆ ಹೆಚ್ಚುತ್ತದೋ, ಇದ್ದ ಮಳೆಯೂ ಹೋಗುತ್ತದೋ? ಎರಡನ್ನೂ ಕೇಳಿದ್ದೇವೆ. (ಪೊನ್ನಂಪೇಟೆ)

ಎರಡೂ ಆಗುತ್ತದೆ. ಯಾವ ಸಮುದ್ರ, ತೀರದಿಂದ ಎಷ್ಟು ದೂರ, ಯಾವ ತಿಂಗಳು ಎನ್ನುವುದರ ಮೇಲಿದೆ.

ಅರಬ್ಬಿ ಸಮುದ್ರದಲ್ಲಿ ಕರಾವಳಿಗೆ ಒತ್ತಿಕೊಂಡೇ ಉತ್ತರಕ್ಕೆ ಹೋದರೆ ಕೊಡಗಿಗೆ ಜೋರು ಮಳೆ. ಸುಳಿಯ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದರಿಂದ ಅದರ ಬಲಗಡೆ ಇರುವ ನಮ್ಮತ್ತ ಸಮುದ್ರದ ತೇವ ನೇರವಾಗಿ ಬೆಟ್ಟಕ್ಕೆ ಬಡಿಯುತ್ತದೆ. 2021ರ ಮೇ ಮಧ್ಯದಲ್ಲಿ ತೌಕ್ತೆ ಹೀಗೆ ಹೋಗಿ 17ರಂದು ಗುಜರಾತ್ ತೀರ ಸೇರಿತು. ಚಂಡಮಾರುತವೇ ಆಗಬೇಕೆಂದಿಲ್ಲ: 2025ರ ಮೇ 24ರಂದು ಕೊಂಕಣ ತೀರದಲ್ಲಿದ್ದದ್ದು ಬರೀ ವಾಯುಭಾರ ಕುಸಿತ, ಅದೇ ದಿನ ಮುಂಗಾರು ವಾಡಿಕೆಯ ಜೂನ್ 1ಕ್ಕಿಂತ ಎಂಟು ದಿನ ಮೊದಲೇ ಕೇರಳ ಮುಟ್ಟಿತು. ತೀರದಿಂದ ದೂರ, ನಡುಸಮುದ್ರದಲ್ಲಿ ಅಲೆದರೆ ಕಥೆ ಬೇರೆ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ 6ರಂದು ಎದ್ದು 15ರ ತನಕ ಸಮುದ್ರದಲ್ಲೇ ಇತ್ತು. ತೇವವನ್ನೆಲ್ಲ ತನ್ನ ಸುತ್ತ ಎಳೆದುಕೊಂಡಿತು, ಮುಂಗಾರು 8ಕ್ಕೆ ಕೇರಳ ತಲುಪಿದರೂ ಬಲ ಬರಲಿಲ್ಲ.

ಬಂಗಾಳ ಕೊಲ್ಲಿಯಲ್ಲಿ ಎದ್ದು ಒಡಿಶಾ, ಬಂಗಾಳ ಅಥವಾ ಮ್ಯಾನ್ಮಾರ್ ಕಡೆಗೆ ಹೋಗುವವು, 2019ರ ಫೋನಿ, 2020ರ ಅಂಫಾನ್, 2023ರ ಮೋಖಾ ತರಹದವು, ಹೂಮಳೆಗೂ ಬ್ಯಾಕಿಂಗ್ ಮಳೆಗೂ ಸಾಮಾನ್ಯವಾಗಿ ಸಹಾಯ ಮಾಡುವುದಿಲ್ಲ. ಗಾಳಿ ಪಡುವಲಿಂದ ಮೂಡಲಿಗೆ ಎಳೆಯುತ್ತದೆ, ಭಾಗಮಂಡಲ, ಗಾಳಿಬೀಡು ಕಡೆ ಮೋಡ ಕವಿದು ಜಿನುಗಬಹುದು. ಬೆಟ್ಟ ಇಳಿದ ಗಾಳಿ ಕುಶಾಲನಗರ, ಶನಿವಾರಸಂತೆ ಕಡೆಗೆ ಒಣಗಿ ಬರುತ್ತದೆ. ಸಂಜೆಯ ಗುಡುಗು ಮಳೆ ನಾಲ್ಕೈದು ದಿನ ನಿಂತೇ ಹೋಗುವುದುಂಟು. ಆದ್ದರಿಂದ ಕೊಲ್ಲಿಯಲ್ಲಿ ಚಂಡಮಾರುತ ಎಂದು ಕೇಳಿ ಸ್ಪ್ರಿಂಕ್ಲರ್ ಪೈಪ್ ಸುತ್ತಿಡಬೇಡಿ. ನವೆಂಬರ್-ಡಿಸೆಂಬರಿನಲ್ಲಿ ಲೆಕ್ಕ ತಿರುಗುಮುರುಗು: ತಮಿಳುನಾಡು ತೀರ ದಾಟಿದ್ದು ಪಡುವಲಿಗೆ ಸಾಗಿ ಕಣದಲ್ಲಿ ಹರವಿದ ಕಾಫಿಯನ್ನು ನೆನೆಸುತ್ತದೆ. 2024ರ ನವೆಂಬರ್ 30ರಂದು ಪುದುಚೇರಿ ಹತ್ತಿರ ದಾಟಿದ ಫೆಂಗಲ್ ದುರ್ಬಲವಾದ ಮೇಲೂ ದಕ್ಷಿಣ ಕರ್ನಾಟಕಕ್ಕೆ ಮಳೆ ತಂದಿತು.

ಮೇ ಎರಡನೇ ವಾರದ ನಂತರ ಅರಬ್ಬಿ ಸಮುದ್ರದಲ್ಲಿ ಕುಸಿತದ ಸೂಚನೆ ಕಂಡರೆ ಎರಡು ಕೆಲಸ. ಗೊಬ್ಬರ ಹಾಕುವುದನ್ನು ಮುಂದೂಡಿ, ಎರಡು ಮೂರು ಇಂಚು ಒಟ್ಟಿಗೆ ಸುರಿದರೆ ಯೂರಿಯಾ ಇಳಿಜಾರಿನಲ್ಲಿ ತೋಡು ಸೇರುತ್ತದೆ. ಕರಿಮೆಣಸಿನ ಬೋರ್ಡೋ ಸಿಂಪಡಣೆಯನ್ನು ಮಾತ್ರ ಮುಂದೂಡದೆ ಮಳೆಗೆ ಮೊದಲೇ ಮುಗಿಸಿ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಎಲೆಯ ಮೇಲೆ ಒಣಗಲು ಬಿಸಿಲು ಬೇಕು, ಮುಂಗಾರು ಹಿಡಿದ ಮೇಲೆ ಆ ಬಿಡುವು ಸಿಗುವುದಿಲ್ಲ.

ಪ್ರಶ್ನೆ: ಯೆಲ್ಲೋ ಅಲರ್ಟ್ ಇತ್ತು, ಕುಶಾಲನಗರದಲ್ಲಿ ಹನಿಯೂ ಬೀಳಲಿಲ್ಲ.

ಎಚ್ಚರಿಕೆ ಇಡೀ ಜಿಲ್ಲೆಗೆ. ಪಕ್ಕದ ಪದಗಳನ್ನೂ ಓದಿ: "ಒಂದೆರಡು ಕಡೆ" ಎಂದರೆ ಜಿಲ್ಲೆಯ ಕಾಲುಭಾಗ ಮಾಪಕಗಳಿಗೋ ಅದಕ್ಕಿಂತ ಕಡಿಮೆಗೋ ಮಳೆ, ಉಳಿದ ಮುಕ್ಕಾಲಿಗೆ ಇಲ್ಲ. ಬೇಸಿಗೆಯ ಹಳದಿ ಎಚ್ಚರಿಕೆ ಹೆಚ್ಚಾಗಿ ಸಿಡಿಲು, ಬಿರುಗಾಳಿಗೆ ಸಂಬಂಧಿಸಿದ್ದು. "ಭಾರಿ ಮಳೆ" ಎಂದು ಇಲಾಖೆ ಬರೆಯುವುದು 24 ಗಂಟೆಯಲ್ಲಿ 64.5 ಮಿ.ಮೀ. ಮೀರಿದರೆ.

ಪ್ರಶ್ನೆ: ರೇವತಿ, ಅಶ್ವಿನಿ, ಭರಣಿ ಎಂದು ಮಳೆ ಲೆಕ್ಕ ಹಾಕುವುದು ಈಗಲೂ ಉಪಯೋಗವೇ?

ಕ್ಯಾಲೆಂಡರಾಗಿ ಉಪಯೋಗ, ಮುನ್ಸೂಚನೆಯಾಗಿ ಅಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ 13-14 ದಿನದ ಕಟ್ಟುಗಳವು: ಏಪ್ರಿಲ್ ಮಧ್ಯದಿಂದ ಅಶ್ವಿನಿ, ಕೊನೆಯ ವಾರದಿಂದ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ. "ಭರಣಿ ಮಳೆ ಧರಣಿಯೆಲ್ಲ ಬೆಳೆ" ಎನ್ನುವುದು ಬಯಲುಸೀಮೆಯ ಬಿತ್ತನೆಗೆ ಒಪ್ಪುತ್ತದೆ. ರೋಬಸ್ಟಾಕ್ಕೆ ಭರಣಿ ತನಕ ಕಾದರೆ ಹೂವಿನ ಕಾಲವೇ ಮುಗಿದಿರುತ್ತದೆ.

ಪ್ರಶ್ನೆ: ಮೆಣಸು ಕೊಯ್ಯುವಾಗ ಗುಡುಗಿದರೆ ಆಳುಗಳನ್ನು ಯಾವಾಗ ಇಳಿಸಬೇಕು?

ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ತಕ್ಷಣ. ಶಬ್ದಕ್ಕೆ ಒಂದು ಕಿಲೋಮೀಟರಿಗೆ ಸುಮಾರು ಮೂರು ಸೆಕೆಂಡ್ ಬೇಕು, 30 ಎಂದರೆ ಸಿಡಿಲು 10 ಕಿ.ಮೀ. ದೂರದಲ್ಲಿದೆ, ಮುಂದಿನದು ನಿಮ್ಮ ಸಿಲ್ವರ್ ಓಕ್ ಮೇಲೂ ಬೀಳಬಹುದು. ಮಳೆ ಬರಲಿ ಎಂದು ಕಾಯಬೇಡಿ, ಸಿಡಿಲು ಮಳೆಗಿಂತ ಮುಂದೆ ಬರುತ್ತದೆ. ಅಲ್ಯೂಮಿನಿಯಂ ಏಣಿಯನ್ನು ಮರಕ್ಕೆ ಒರಗಿಸಿಯೇ ಬಿಟ್ಟು ಬನ್ನಿ, ಹೊತ್ತು ತರುವುದು ಬೇಡ. ಮರದಡಿ, ಶೀಟಿನ ತೆರೆದ ಶೆಡ್ಡಿನಡಿ ನಿಲ್ಲಿಸದೆ ಕಾರ್ಮಿಕರ ಲೈನ್ ಮನೆಗೋ ಬಾಗಿಲು ಮುಚ್ಚಿದ ಜೀಪಿಗೋ ಕಳಿಸಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ "ದಾಮಿನಿ" ಆ್ಯಪ್ ಸುತ್ತಲ 20 ಮತ್ತು 40 ಕಿ.ಮೀ. ಒಳಗಿನ ಸಿಡಿಲನ್ನು ತೋರಿಸುತ್ತದೆ, ಆದರೆ ತೋಟದಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಎಣಿಸುವುದೇ ಗತಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆ ಮತ್ತೆ ಏಣಿ ಹತ್ತಲಿ.