ಸೂರಿನೊಳಗಿನ ರಾತ್ರಿ ಸದ್ದು, ಕಸದ ಡಬ್ಬಿಯ ಗಿಳಿ, ಗಾಜಿಗೆ ಬಡಿವ ಹಕ್ಕಿ

ಪ್ರಶ್ನೆ: ಮನೆಯ ಫಾಲ್ಸ್ ಸೀಲಿಂಗ್ ಮೇಲೆ ರಾತ್ರಿಯಾದರೆ ಧಡಧಡ ಸದ್ದು. ಪುನುಗು ಬೆಕ್ಕು ಇರಬೇಕು ಅನ್ನುತ್ತಾರೆ. ಹಿಡಿಸಿ ದೂರದ ಕಾಡಿಗೆ ಬಿಡಿಸಬಹುದೇ?

ಬೇಡ. ಹೊಸ ಜಾಗದಲ್ಲಿ ಅದಕ್ಕೆ ನೀರೆಲ್ಲಿ, ಅಡಗಲು ಪೊಟರೆಯೆಲ್ಲಿ ಎಂಬುದೇ ಗೊತ್ತಿರುವುದಿಲ್ಲ. ಆ ಕಾಡು ಆಗಲೇ ಇನ್ನೊಂದರ ಸರಹದ್ದಾಗಿರುತ್ತದೆ. ಇತ್ತ ನಿಮ್ಮ ಸೂರಿನ ಕಂಡಿ ತೆರೆದೇ ಇದ್ದರೆ ಮತ್ತೊಂದು ಬಂದು ಸೇರಿಕೊಳ್ಳುತ್ತದೆ. ಮಹಾರಾಷ್ಟ್ರದ ಜುನ್ನಾರ್ ಭಾಗದಲ್ಲಿ ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟ ಮೇಲೆ ಜನರ ಮೇಲಿನ ದಾಳಿ ಹೆಚ್ಚಿತೇ ಹೊರತು ಇಳಿಯಲಿಲ್ಲ. ಅನುಮತಿ ಇಲ್ಲದೆ ವನ್ಯಪ್ರಾಣಿ ಹಿಡಿಯುವುದು ಬಹಳ ಕಡೆ ಅಪರಾಧ ಕೂಡ.

ಮೊದಲು ಯಾರೆಂದು ಗುರುತಿಸಿ. ಹಗಲಲ್ಲಿ ಸದ್ದಾದರೆ ಬಹುತೇಕ ಅಳಿಲು. ರಾತ್ರಿ ಕೆರೆಯುವ, ಸರಸರ ಓಡುವ ಸದ್ದಾದರೆ ಇಲಿ. ತೂಕದ ಹೆಜ್ಜೆ ಕೇಳಿಸಿ, ತಾರಸಿಯ ಅಂಚಿನಲ್ಲಿ ಹಣ್ಣಿನ ಬೀಜ ತುಂಬಿದ ಹಿಕ್ಕೆ ಸಿಕ್ಕರೆ ಪುನುಗು ಬೆಕ್ಕೇ ಸರಿ. ಅದು ನುಗ್ಗುವ ಕಂಡಿಯ ಅಂಚು ಮೈ ಉಜ್ಜಿ ಉಜ್ಜಿ ಕಪ್ಪಗೆ ಜಿಡ್ಡಾಗಿರುತ್ತದೆ. ಅನುಮಾನವಿದ್ದರೆ ಕಂಡಿಗೆ ಹಳೆಯ ಪೇಪರನ್ನು ಸಡಿಲವಾಗಿ ತುರುಕಿ, ಹೆಜ್ಜೆ ಗುರುತು ಮೂಡುವಂತೆ ಮುಂದೆ ತೆಳ್ಳಗೆ ಪೌಡರ್ ಉದುರಿಸಿ. ಮೂರು ರಾತ್ರಿ ಪೇಪರ್ ಅಲುಗದಿದ್ದರೆ ಆ ದಾರಿ ಬಳಕೆಯಲ್ಲಿಲ್ಲ.

ಮರಿಗಳ ಕುಂಯ್‌ಗುಟ್ಟುವ ಸದ್ದು ಕೇಳಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಅವು ತಾಯಿಯ ಹಿಂದೆ ತಾವೇ ಹೊರಬೀಳುವವರೆಗೆ ಕಾಯಲೇಬೇಕು. ತಾಯಿ ಹೊರಗೆ, ಮರಿ ಒಳಗೆ ಉಳಿದರೆ ತಾಯಿ ಛಾವಣಿಯನ್ನೇ ಕಿತ್ತುಹಾಕಲು ನೋಡುತ್ತದೆ, ಮರಿಗಳು ಒಳಗೇ ಸಾಯುತ್ತವೆ.

ಮರಿಗಳಿಲ್ಲ ಎಂದು ಖಾತ್ರಿಯಾದ ಮೇಲೆ ಒಂದು ದಾರಿ ಬಿಟ್ಟು ಉಳಿದೆಲ್ಲ ಸಂದುಗಳನ್ನು ವೆಲ್ಡ್ ಮೆಶ್‌ನಿಂದ (ಬೆಸೆದ ತಂತಿಬಲೆ) ಮುಚ್ಚಿ. ಪುನುಗು ಬೆಕ್ಕಿಗೆ 12 ಮಿ.ಮೀ. ಕಣ್ಣಿನ ಮೆಶ್ ಸಾಕು. ಸುಂಡಿಲಿಯೂ ಇದ್ದರೆ 6 ಮಿ.ಮೀ. ಬೇಕು. ಮೆಶ್ ಕಂಡಿಯ ಸುತ್ತ 5 ಸೆಂ.ಮೀ. ಹೆಚ್ಚಿಗೆ ಚಾಚಿರಲಿ, ಸ್ಕ್ರೂ ಜೊತೆ ವಾಷರ್ ಹಾಕಿ. ಉಳಿದ ಒಂದು ಕಂಡಿಗೆ ಮೇಲೆ ಕೀಲಿರುವ, ಹೊರಕ್ಕೆ ಮಾತ್ರ ತೆರೆಯುವ ಹಗುರ ಕದ ಕೂರಿಸಿ. ಕದ ಕಂಡಿಗಿಂತ ದೊಡ್ಡದಿದ್ದರೆ ಗೋಡೆಗೆ ಆನಿಕೊಂಡು ನಿಲ್ಲುತ್ತದೆ, ಒಳಕ್ಕೆ ತಳ್ಳಲಾಗದು. ನಾಲ್ಕೈದು ರಾತ್ರಿ ಒಳಗೆ ಸದ್ದಿಲ್ಲದಿದ್ದರೆ ಅದನ್ನೂ ಮುಚ್ಚಿ.

ಕೆಡುವುದು ಹೆಚ್ಚಾಗಿ ಇಲ್ಲಿ: ಹಗಲು ಹೊತ್ತಿನಲ್ಲಿ ಕಂಡಿ ಮುಚ್ಚಿಸುತ್ತಾರೆ. ರಾತ್ರಿ ಸಂಚಾರಿ ಆಗ ಒಳಗೇ ಮಲಗಿರುತ್ತದೆ. ವಾರದ ಮೇಲೆ ವಾಸನೆ ಬರುವವರೆಗೆ ಗೊತ್ತಾಗುವುದೇ ಇಲ್ಲ. ಫೋಮ್ ತುಂಬಿದರೆ ಇಲಿ ಕಡಿದು ಹಾಕುತ್ತದೆ. ನುಸಿಗುಳಿಗೆ ಎಸೆದರೆ ಅದರ ಆವಿ ಕುಡಿಯುವವರು ಕೆಳಗೆ ಮಲಗಿರುವ ನೀವೇ. ಛಾವಣಿಗೆ ಚಾಚಿದ ಕೊಂಬೆಗಳನ್ನು ಎರಡು ಮೀಟರ್ ಹಿಂದಕ್ಕೆ ಕತ್ತರಿಸಿ. ಸಾಕುಪ್ರಾಣಿಯ ತಟ್ಟೆಯನ್ನು ರಾತ್ರಿ ಹೊರಗಿಡಬೇಡಿ.

ಪ್ರಶ್ನೆ: ನಗರದ ಪ್ರಾಣಿಗಳು ನಿಜವಾಗಿಯೂ ಬದಲಾಗಿವೆಯೇ, ಇಲ್ಲ ಬರೀ ರೂಢಿಯೇ?

ಎರಡೂ ಇವೆ. ಮೊದಲು ಬದಲಾಗುವುದು ವೇಳಾಪಟ್ಟಿ. 62 ಜಾತಿಯ ಸಸ್ತನಿಗಳ ಮಾಹಿತಿ ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮನುಷ್ಯರ ಓಡಾಟ ಹೆಚ್ಚಿದ ಕಡೆ ಅವುಗಳ ರಾತ್ರಿ ಚಟುವಟಿಕೆ ಸರಾಸರಿ 1.36 ಪಟ್ಟು ಏರಿತ್ತು.

ಸಿಡ್ನಿಯ ಹಳದಿ ಜುಟ್ಟಿನ ಕಾಕಟೂ ಗಿಳಿಯದು ಕಲಿಕೆ. ಕೊಕ್ಕಿನಿಂದ ಕಸದ ಡಬ್ಬಿಯ ಮುಚ್ಚಳ ಎತ್ತಿ, ಹಾಗೇ ಹಿಡಿದುಕೊಂಡು ಅಂಚಿನ ಮೇಲೆ ನಡೆಯುತ್ತ ಹಿಂದಕ್ಕೆ ಮಗುಚುತ್ತದೆ. 2018ಕ್ಕೆ ಮೊದಲು 3 ಬಡಾವಣೆಗಳಲ್ಲಿ ಕಂಡಿದ್ದ ಈ ಚಾಳಿ 2019ರ ಕೊನೆಗೆ 44ಕ್ಕೆ ಹಬ್ಬಿತ್ತು. ಜನ ಮುಚ್ಚಳದ ಮೇಲೆ ಇಟ್ಟಿಗೆ ಇಟ್ಟರು, ಗಿಳಿಗಳು ಇಟ್ಟಿಗೆಯನ್ನೇ ತಳ್ಳಿದವು. ಒಂದನ್ನು ನೋಡಿ ಒಂದು ಕಲಿಯುವುದರಲ್ಲಿ ಎರಡು ಕಡೆಯವರೂ ಹಿಂದೆ ಬಿದ್ದಿಲ್ಲ.

ಪೋರ್ಟೊರಿಕೋದ ಅನೋಲ್ ಹಲ್ಲಿಗಳ ಕತೆ ಬೇರೆ. ನಗರದವಕ್ಕೆ ಕಾಲು ಉದ್ದ, ಬೆರಳಡಿಯ ಅಂಟುಪದರಗಳೂ ಹೆಚ್ಚು; ನುಣುಪು ಗೋಡೆಗೆ ಅದು ಬೇಕು. ನಗರದ ಮತ್ತು ಕಾಡಿನ ಹಲ್ಲಿಗಳ ಮರಿಗಳನ್ನು ಪ್ರಯೋಗಾಲಯದಲ್ಲಿ ಒಂದೇ ರೀತಿ ಬೆಳೆಸಿದರೂ ಆ ವ್ಯತ್ಯಾಸ ಉಳಿಯಿತು. ಅಂದರೆ ಅದು ರಕ್ತದಲ್ಲೇ ಬಂದದ್ದು.

ಪ್ರಶ್ನೆ: ಅಷ್ಟೊಂದು ಕಲಿಯುವ ಹಕ್ಕಿಗಳು ಕಿಟಕಿ ಗಾಜಿಗೆ ಬಡಿಯುವುದನ್ನು ಯಾಕೆ ಬಿಡುವುದಿಲ್ಲ?

ಮೊದಲ ಏಟೇ ಹಲವು ಬಾರಿ ಕೊನೆಯದಾಗುವುದರಿಂದ. ಬದುಕಿದರಲ್ಲವೇ ಕಲಿಯುವುದು! ಗಾಜಿನಲ್ಲಿ ಕಾಣುವ ಮರವೂ ಆಕಾಶವೂ ಅವಕ್ಕೆ ನಿಜವೇ. ಒಂದೇ ಗಿಡುಗದ ಸ್ಟಿಕರ್ ಅಂಟಿಸಿದರೆ ಅದನ್ನು ಬಳಸಿ ಪಕ್ಕದ ಗಾಜಿಗೆ ಬಡಿಯುತ್ತವೆ. ಗಾಜಿನ ಹೊರಮೈ ತುಂಬ 5 ಸೆಂ.ಮೀ. ಅಂತರದಲ್ಲಿ ಚುಕ್ಕೆ ಅಂಟಿಸಿ. ಒಳಗಡೆ ಅಂಟಿಸಿದರೆ ಪ್ರತಿಬಿಂಬದಡಿ ಮರೆಯಾಗುತ್ತವೆ. ಬಡಿದು ಬಿದ್ದ ಹಕ್ಕಿಯ ಬಾಯಿಗೆ ನೀರು ಬಿಡಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಒಂದೆರಡು ಗಂಟೆ ಇಡಿ. ಆಮೇಲೆ ಹೊರಗೆ ಒಯ್ದು ಮುಚ್ಚಳ ತೆಗೆಯಿರಿ. ಹಾರದಿದ್ದರೆ ಪಶುವೈದ್ಯರಿಗೆ ತೋರಿಸಿ.